ಹನ್ನೆರಡು ಜನರ ರಕ್ತಕ್ಕೆ ಒಂದೇ ಧಾರಣೆ

೧೯೮೩ರಲ್ಲಿ ಕುಷ್ಟಗಿ ಭಾಗದ ಕ್ಯಾನ್ಸರ್ ಪತ್ತೆ ಸಮಿತಿಯು ತನ್ನ ವ್ಯಾಪ್ತಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಒಂದೇ ಬಾಟಲಿಯಿಂದ ಸಾಬೀತುಪಡಿಸಿತು.

ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದರೆ ರಕ್ತದಲ್ಲಿ ಒಂದು ಬಗೆಯ ಪ್ರೋಟೀನು ಏರುತ್ತದೆ. ಅದರ ಪ್ರಮಾಣ ಹತ್ತು ದಾಟಿದವರಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ, ಹೋಗಲು ರೈಲಿನ ಪಾಸು ಎಂದು ನಿಯಮವಿತ್ತು. ಪರೀಕ್ಷೆಗೆ ಬಂದವರಿಗೆಲ್ಲ ಒಂದೊಂದು ಡಬ್ಬಿ ಹಾಲಿನ ಪುಡಿಯೂ ಇತ್ತು. ಆದ್ದರಿಂದ ಪರೀಕ್ಷಾ ಶಿಬಿರದ ಹನ್ನೆರಡು ಜಾಗಗಳಲ್ಲಿ ಹನ್ನೊಂದು ಸಮಿತಿ ಸದಸ್ಯರ ಬೀಗರಿಗೆ, ಸೊಸೆಯಂದಿರಿಗೆ ಹೋದವು. ಎಲ್ಲರೂ ಗುಂಡುಕಲ್ಲಿನಂತಿದ್ದರು. ಹನ್ನೆರಡನೆಯವಳು ಯಮನೂರಮ್ಮ, ಹೊಟ್ಟೆಯ ಬಲಗಡೆ ತೆಂಗಿನಕಾಯಿಯಷ್ಟು ಗಡ್ಡೆ. ಶಿಬಿರದೊಳಗೆ ರೋಗಿಯೊಬ್ಬಳು ಹೇಗೆ ಬಂದಳೆಂದು ಜವಾನನಿಗೆ ನೋಟಿಸು ಹೋಯಿತು.

ಕಾರ್ಯದರ್ಶಿ ಕೊಟ್ರಪ್ಪನವರು ಹದಿನೆಂಟು ವರ್ಷ ಶೇಂಗಾ ಮಾರುಕಟ್ಟೆಯಲ್ಲಿದ್ದವರು. ಅಲ್ಲಿ ಪ್ರತಿ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು, ಬೆರೆಸಿ, ಇಡೀ ರಾಶಿಗೆ ಒಂದು ಧಾರಣೆ ಕಟ್ಟುವುದು ಪದ್ಧತಿ. ಅದೇ ಪ್ರಕಾರ ಹನ್ನೆರಡೂ ಜನರ ರಕ್ತದ ತಿಳಿಯನ್ನು ಒಂದೇ ಬಾಟಲಿಗೆ ಸುರಿಸಿದರು.

"ಸರ, ಒಬ್ಬೊಬ್ಬರದು ಬ್ಯಾರೆ ಬ್ಯಾರೆ ನೋಡಬೇಕ್ರಿ," ಎಂದಳು ನರ್ಸ್ ರಜಿಯಾಬೇಗಂ.

"ಬ್ಯಾರೆ ನೋಡಿದ್ರ ಭೇದಭಾವ ಮಾಡಿದಂಗ ಆಗತೈತಿ ಸಿಸ್ಟರ್. ಸರಕಾರದ ಕಣ್ಣಾಗ ಎಲ್ಲಾರೂ ಒಂದ."

ಬಾಟಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಒಂಬತ್ತು ಎಂದು ಉತ್ತರ ಬಂತು. "ಹತ್ತರೊಳಗಿರುವುದರಿಂದ ಹನ್ನೆರಡೂ ಜನ ಆರೋಗ್ಯವಂತರೆಂದು ಈ ಮೂಲಕ ಪ್ರಕಟಿಸಲಾಗಿದೆ" ಎಂದು ಗೋಡೆಗೆ ಹಚ್ಚಿದರು.

ಯಮನೂರಮ್ಮನ ಗಂಡ ಪಕೀರಪ್ಪ ಕೈಮುಗಿದ. "ಸಾಹೇಬ್ರ, ಗಡ್ಡಿ ಕೈಗೆ ಹತ್ತತೈತ್ರಿ. ಮುಟ್ಟಿ ನೋಡ್ರಿ."

"ಮುಟ್ಟಿ ನೋಡೂ ಅಧಿಕಾರ ಸಮಿತಿಗಿಲ್ಲೋ ಪಕೀರಪ್ಪ. ಹಾಳಿ ಮ್ಯಾಗ ನಿನ್ನ ಹೆಂಡ್ತಿ ಭಾಳ ಛಲೋ ಅದಾಳ. ಮನಿಗೆ ಕರಕೊಂಡು ಹೋಗು."

ಉಳಿದ ರೈಲು ಪಾಸಿನಲ್ಲಿ ಅಧ್ಯಕ್ಷರ ಬೀಗರು ಬೆಂಗಳೂರು ನೋಡಿ ಬಂದರು. ಯಮನೂರಮ್ಮ ಮೂರನೆಯ ತಿಂಗಳು ನರಳಿ ನರಳಿ ಸತ್ತಳು.

ಮುಂದಿನ ಶಿಬಿರಕ್ಕೆ ಅದೇ ಹನ್ನೊಂದು ಜನ ಬಂದರು. ಯಮನೂರಮ್ಮನ ಜಾಗಕ್ಕೆ ಕೊಟ್ರಪ್ಪನವರ ಭಾವಮೈದುನ ಬಂದ. ಈ ಸಲ ಸಂಖ್ಯೆ ಎರಡಕ್ಕಿಳಿಯಿತು. ಇಷ್ಟು ಬೇಗ ಇಂಥ ಸುಧಾರಣೆ ಎಲ್ಲಿಯೂ ಆಗಿಲ್ಲವೆಂದು ಮೇಲಧಿಕಾರಿಗಳು ಮೆಚ್ಚಿ ಬರೆದರು.

"ಅಕಿ ಸತ್ತಾಳಲ್ರಿ, ಅದಕ್ಕ ಇಳದೈತಿ," ಎಂದಳು ರಜಿಯಾಬೇಗಂ.

ನ್ಯಾಯವಾದ ಮಾತೆಂದು ಕೊಟ್ರಪ್ಪನವರಿಗೂ ಅನ್ನಿಸಿತು. ಅಭಿನಂದನಾ ಸಮಾರಂಭದಲ್ಲಿ ಪಕೀರಪ್ಪನನ್ನು ವೇದಿಕೆಗೆ ಕರೆದು, ಸಂಖ್ಯೆ ಇಳಿಸಲು ಆತನ ಕುಟುಂಬ ಸಲ್ಲಿಸಿದ ಸೇವೆಗಾಗಿ ಶಾಲು ಹೊದಿಸಿದರು. ಯಮನೂರಮ್ಮನಿಗೆ ಕೊಡದೆ ಉಳಿದಿದ್ದ ಹಾಲಿನ ಪುಡಿಯ ಡಬ್ಬಿಯನ್ನು ಕೈಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡೂ ಕೈಯಲ್ಲಿ ಡಬ್ಬಿ ಹಿಡಿದಿದ್ದರಿಂದ ಪಕೀರಪ್ಪನಿಗೆ ಮಾತ್ರ ತಟ್ಟಲಾಗಲಿಲ್ಲ. ಅದಕ್ಕಾಗಿ ಅವನು ಸಭೆಯ ಕ್ಷಮೆ ಕೇಳಿದ.