ಕಾಕಾನ ಬ್ಯಾಕಪ್ಪು, ಕಾಕೂನ ಹೆಪ್ಪು

ನಮ್ಮ ಕಾಕಾನಿಗೆ ಹುಚ್ಚು ಎಂದು ನಾನಂತೂ ಹೇಳುವುದಿಲ್ಲ. ಸದಲಗಾದ ನಮ್ಮ ಓಣಿಯೆಲ್ಲ ಹೇಳಿ ಮುಗಿಸಿದ ಮೇಲೆ ನಾನೇಕೆ ಬಾಯಿ ಕೆಡಿಸಿಕೊಳ್ಳಲಿ!

ಕಾಕಾ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಾನೆ. ಅಲ್ಲಿ ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯಲ್ಲಿ ಮೂರು ವರ್ಚುವಲ್ ಕಂಪ್ಯೂಟರುಗಳು. ಕಣ್ಣಿಗೆ ಕಾಣವು, ಕೈಗೆ ಸಿಗವು. ಕಾರ್ಖಾನೆಯ ಇ-ಮೇಲ್ ಎಲ್ಲ ಅವುಗಳಲ್ಲೊಂದರ ಪಾಲಿಗೆ. ಪ್ರತಿ ಶನಿವಾರ ಮಧ್ಯಾಹ್ನ ಕಾಕಾ ಅದನ್ನು ನಿಲ್ಲಿಸಿ, ಇಡಿಯಾಗಿ ಡಿಸ್ಕಿಗೆ ಕಾಪಿ ಮಾಡಿ, ಮುಗಿಯುವ ತನಕ ಪರದೆ ನೋಡುತ್ತ ಕೂರುತ್ತಿದ್ದ. ತಾನಾಗಿಯೇ ಆಗುವ ಕೆಲಸಕ್ಕೆ ಕಾವಲೇಕೆ? ಅದೇನು ಉಕ್ಕುವ ಹಾಲೇ? ಕೇಳುವ ಧೈರ್ಯ ಅವನ ಹೆಂಡತಿ, ನಮ್ಮ ಕಾಕೂಗೆ ಮಾತ್ರ ಇತ್ತು. ಫೋನ್ ಮಾಡುತ್ತಿದ್ದಳು.

“ರೊಟ್ಟಿ ಆರಾಕತ್ತಾವ. ಊಟಕ್ಕ ಬರ್ರಿ.”

“ಕಾಪಿ ನಡದೈತಿ. ನೀ ಉಣ್ಣು.”

“ಇಲ್ಲದ ಕಂಪ್ಯೂಟರಿಗೆ ಇಷ್ಟ ಕಾವಲ! ಇರೋ ಹೆಂಡ್ತಿ ಒಬ್ಬಾಕಿನ ಉಣ್ಣಬೇಕು!”

ಬ್ಯಾಕಪ್ಪು, ಅಂದರೆ ಆ ಕಾಪಿ, ಮೂಲ ಇರುವ ಸೂರಿನಡಿಯೇ ಇರಬಾರದು ಎಂಬುದು ಕಾಕಾನ ಸಿದ್ಧಾಂತ. ಹಾಗಾಗಿ ಡಿಸ್ಕು ಮನೆಗೆ ಬಂದು ಕಾಕೂನ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಮಲಗುತ್ತಿತ್ತು. ಒಮ್ಮೆ ಕಾರ್ಖಾನೆಯ ಕಂಪ್ಯೂಟರ್ ಸುಟ್ಟೇಹೋಯಿತು. ಆ ಡಿಸ್ಕಿನಿಂದಲೇ ಕಾಕಾ ಹಳೆಯ ಮೇಲ್ ಎಲ್ಲ ಎಬ್ಬಿಸಿ ನಿಲ್ಲಿಸಿದ. ಎದೆಯುಬ್ಬಿಸಿ ಮನೆಗೆ ಬಂದರೆ ಕಾಕೂ, “ನನ್ನ ಸೀರಿಗಿ ಒಂದ ಹಾರ ಹಾಕ್ರಿ!” ಎಂದಳು.

ಗೆದ್ದ ಸಿದ್ಧಾಂತ ಅಡುಗೆಮನೆಗೂ ನುಗ್ಗಿತು. ಕಾಕೂ ಹಾಲಿಗೆ ಹಾಕುವ ಹೆಪ್ಪಿಗೂ ಬ್ಯಾಕಪ್ಪು! ಬಟ್ಟಲಲ್ಲಿ ಒಂದಿಷ್ಟು ಮೊಸರು ಹಿಡಿದು ಪಕ್ಕದ ಮನೆಗೆ ನಡೆದ.

“ಬೆಕ್ಕ ನಮ್ಮ ಗಡಿಗಿ ಉರುಳಿಸಿದ್ರ ನಿಮ್ಮ ಕಡಿಂದ ಇಸಕೊಂಡ ಹೋಗ್ತೀನ್ರಿ.”

ಪಕ್ಕದ ಮನೆಯಾಕೆ ನಗು ತಡೆದುಕೊಂಡು ಬಟ್ಟಲು ಇಸಿದುಕೊಂಡಳು. ಕಾಕೂಗೆ ಸಿಟ್ಟು ನೆತ್ತಿಗೇರಿತು. “ಓಣ್ಯಾಗ ನನ್ನ ಮಾನ ಕಳದ್ರಿ! ಇನ್ನೊಮ್ಮಿ ಒಯ್ದ್ರ ನೋಡ್ರಿ!” ಕಾಕಾ ಮತ್ತೆ ಒಯ್ಯಲಿಲ್ಲ.

ಕಾಕೂ ಇದ್ದಕ್ಕಿದ್ದಂತೆ ತೀರಿಕೊಂಡಳು. ಬಂದ ಬಂಧುಗಳು ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು ಬೋರಲು ಹಾಕಿ ಹೋದರು, ಮೊಸರಿನ ಗಡಿಗೆಯನ್ನೂ. ಆ ಖಾಲಿ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಕಾಕಾ ನನಗೆ ಹೇಳಿದ: “ಮಂದಿ ಮೇಲ್ ಎಲ್ಲಾ ತಂದ ಕೊಟ್ನಿ. ಇದನ್ನ ಎಲ್ಲಿಂದ ತರ್ಲಿ? ಎಷ್ಟ ಶನಿವಾರ ಒಬ್ಬಾಕಿನ ಉಂಡ್ಲೋ! ಎದ್ದ ಬರಬೇಕಾಗಿತ್ತು ನಾ.”

ಮುಂದೆ ಪೇಟೆಯ ಪಾಕೀಟು ಮೊಸರೇ ಗತಿಯಾಯಿತು. ಒಂದು ದಿನ ಪಕ್ಕದ ಮನೆಯಾಕೆ ಅನ್ನದ ಜೊತೆ ಒಂದು ಬಟ್ಟಲು ಮೊಸರು ತಂದಿಟ್ಟಳು. ಕಾಕಾ ಒಂದು ತುತ್ತು ಬಾಯಿಗಿಟ್ಟವನು ಕೈ ತಡೆದು ಆಕೆಯ ಮುಖ ನೋಡಿದ.

“ನಿಮ್ಮನೀದರೀ ಅಣ್ಣಾರ. ನೀವ ತಂದ ಕೊಟ್ಟಿದ್ರೆಲಾ, ಅದ ಹೆಪ್ಪ ಇನ್ನೂ ನಡದೈತಿ.”

ಕಾಕಾ ಅನ್ನ ಕಲಸುತ್ತ ಅತ್ತುಬಿಟ್ಟ. ಬಟ್ಟಲಲ್ಲಿ ಉಳಿಸಿದ ಮೊಸರಿನಿಂದ ಆ ರಾತ್ರಿಯೇ ಕಾಕೂನ ಗಡಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕಿದ.

ಈಗ ಶನಿವಾರ ಕಾಪಿಯನ್ನು ಅದರ ಪಾಡಿಗೆ ಬಿಟ್ಟು ಊಟಕ್ಕೆ ಮನೆಗೇ ಬರುತ್ತಾನೆ. ಮೊನ್ನೆ ಅವನ ಜೊತೆ ಕೂತಿದ್ದ ನಾನು ಗಡಿಗೆಯೊಳಗೆ ಚಮಚ ಆಡಿಸಿ ಬಳಿಯತೊಡಗಿದೆ. ಕಾಕಾ ಗಪ್ಪನೆ ನನ್ನ ಕೈ ಹಿಡಿದ.

“ಎಲ್ಲಾ ಬಳೀಬ್ಯಾಡಲೇ! ತಳದಾಗ ನಿಮ್ಮ ಕಾಕೂ ಅದಾಳ.”