ಮೇಲಿನ ಎಂಟು ಹೆಸರುಗಳು

ನಾನು ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವಾಗಿ ಕಂಡುಹಿಡಿದು ನಗುವುದಕ್ಕಿಂತ ಇದು ಮೇಲು. ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಸೂಜಿ ಕಂಡರೆ. ನನಗೆ ಬ್ಯಾಂಕಿನಿಂದ ಬರುವ ಕವರು, ಗೊತ್ತಿಲ್ಲದ ನಂಬರಿನ ಫೋನು, ಸುಮ್ಮನೆ ನಿಂತಿರುವ ಪೊಲೀಸಪ್ಪ, ಲಿಫ್ಟು, ಎಲ್ಲದಕ್ಕೂ ಭಯ. ನಮ್ಮಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಕೂಲಿಗಿದ್ದವರು. ದಿನಾ ಕಬ್ಬಿಣದ ಪಂಜರದಲ್ಲಿ ನಿಂತು ಭೂಮಿಯೊಳಕ್ಕೆ ಇಳಿದು, ಪಾಳಿ ಮುಗಿಸಿ ಮೇಲೆ ಬಂದು, ಏನೂ ಆಗಿಲ್ಲವೆಂಬಂತೆ ಟೀ ಕುಡಿಯುತ್ತಿದ್ದರು. ಅವರ ಹೊಟ್ಟೆಯಲ್ಲಿ ಹುಟ್ಟಿದ ನಾನು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಲಿಫ್ಟಿಗೆ ಹೆದರಿ ಐದು ಮಹಡಿ ಮೆಟ್ಟಿಲು ಹತ್ತಿ, ನೋಡಲು ಹೋಗಿದ್ದ ರೋಗಿಗಿಂತ ಜೋರಾಗಿ ಏದುಸಿರು ಬಿಟ್ಟು, ನರ್ಸಮ್ಮನಿಂದ "ಪೇಷಂಟ್ ನೀವಾ?" ಎಂದು ಕೇಳಿಸಿಕೊಂಡವನು.

ಇಂಥವನು ಮಾಡುವ ಕೆಲಸ ಕೇಳಿ. ಅದೇ ಗಣಿ ಊರಿನ ಕೋರಮಂಡಲ್ ಬಡಾವಣೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳಿಗೆ "ತಪ್ಪಾದರೂ ಪರವಾಗಿಲ್ಲ, ಧೈರ್ಯವಾಗಿ ಮಾತಾಡ್ರೋ" ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ಅಂಜಿಕೆ ಬಿಡುವುದು ಹೇಗೆ ಎಂಬ ಭಾಷಣವೂ ನನ್ನದೇ. ಮೈಕು ಹಿಡಿದ ಕೈ ನಡುಗುವುದನ್ನು ಮಕ್ಕಳು ಭಾವಾವೇಶ ಎಂದು ತಿಳಿದಿದ್ದಾರೆ. ಸಂಜೆ ಬಸ್ಸು ಹಿಡಿದು ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಗೆ ಬಂದರೆ ಹೆಂಡತಿ ಮುನಿರತ್ನಮ್ಮ, ಮಗಳು ಪವಿತ್ರ, ಎರಡು ಸೀಮೆಹಸು. ಹಸುಗಳಿಗೆ ನನ್ನ ಭಯ ಇಲ್ಲ.

ಈ ವರ್ಷ ಪವಿತ್ರ ಎಂಜಿನಿಯರಿಂಗ್ ಸೇರಲು ಸಿಇಟಿ ಬರೆದಳು. ಬಂದ ರ‍್ಯಾಂಕು ಒಂಥರಾ ಇಕ್ಕಟ್ಟಿನದು. ಕೆಟ್ಟದಾಗಿದ್ದರೆ ಇರುವ ಕಡೆ ಸೇರಿಸಿ ಸುಮ್ಮನಾಗಬಹುದಿತ್ತು. ಬಹಳ ಒಳ್ಳೆಯದಾಗಿದ್ದರೆ ಯಾರಾದರೂ ದೊಡ್ಡವರು ಕರೆದು ಸನ್ಮಾನ ಮಾಡಿ ದಾರಿ ತೋರಿಸುತ್ತಿದ್ದರೇನೋ. ಇದು ಎರಡರ ಮಧ್ಯೆ ಬಂದು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು. ಎರಡು ಗಂಟೆ ಬಸ್ ದಾರಿಯ ಒಂದು ಸರ್ಕಾರಿ ಕಾಲೇಜು ಸಿಗಬಹುದು ಎಂದು ಎಲ್ಲರೂ ಹೇಳಿದರು. ಅಲ್ಲಿನ ಫೀಸು ನಮ್ಮ ಎರಡು ಹಸುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕಟ್ಟಿಬಿಡಬಹುದು. ಆದರೆ ಅದರ ಹೆಸರು ಹೇಳಿದರೆ ಜನ "ಅದೆಲ್ಲೈತೆ?" ಎನ್ನುತ್ತಾರೆ. ಬೆಂಗಳೂರಿನ ದೊಡ್ಡ ಕಾಲೇಜುಗಳ ಹೆಸರು ಹೇಳಿದರೆ ಹಾಗಲ್ಲ, ಒರಗಿ ಕೂತವರು ನೆಟ್ಟಗೆ ಕೂರುತ್ತಾರೆ. ಅಲ್ಲಿ ಫೀಸು, ಹಾಸ್ಟೆಲ್ಲು ಸೇರಿದರೆ ನನ್ನ ಒಂದು ವರ್ಷದ ಸಂಬಳ ಮುಗಿದು ಇನ್ನೂ ಬೇಕಾಗುತ್ತದೆ.

ಫೀಸಿನ ಭಯ ಒಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅದರ ಜೊತೆಗೆ ಜನರ ಭಯ ಬೇರೆ. ಬೆಳಿಗ್ಗೆ ಹಾಲು ಹಾಕಲು ಹೋದರೆ ಡೇರಿ ಸೆಕ್ರೆಟರಿ ಚಲಪತಿ, ಕ್ಯೂನಲ್ಲಿದ್ದ ಅಷ್ಟೂ ಜನಕ್ಕೆ ಕೇಳುವಂತೆ, "ಏನ್ ಮೇಷ್ಟ್ರೇ, ಮಗಳ್ನ ಎಲ್ಲಿಗ್ ಆಕ್ತೀರಾ? ಊರ್ ಮಕ್ಳಿಗೆಲ್ಲಾ ಬುದ್ಧಿ ಯೋಳೋರು ನೀವು, ನಿಮ್ ಮಗ್ಳು ಯಾವ್ದೋ ಎಸ್ರಿಲ್ದಿರೋ ಕಾಲೇಜ್ನಾಗ್ ಸೇರಿದ್ರೆ ನಮ್ಗೇ ಮರ್ವಾದೆ ಓಗ್ತೈತೆ" ಎಂದ. ನಾನು ಹಾಲಿನ ಕ್ಯಾನು ಅಲ್ಲೇ ಮರೆತು ಮನೆಗೆ ಬಂದೆ.

ಇಲ್ಲಿ ಆಪ್ಷನ್ ಎಂಟ್ರಿ ಎಂಬುದನ್ನು ಸ್ವಲ್ಪ ಹೇಳಬೇಕು. ಬೇಕಾದ ಕಾಲೇಜುಗಳ ಹೆಸರನ್ನು ಒಂದು, ಎರಡು, ಮೂರು ಎಂದು ಕಂಪ್ಯೂಟರಿಗೆ ಪಟ್ಟಿ ಕೊಡಬೇಕು. ಅದು ಮೇಲಿನಿಂದ ನೋಡಿಕೊಂಡು ಬಂದು, ನಮ್ಮ ರ‍್ಯಾಂಕಿಗೆ ಎಲ್ಲಿ ಸೀಟಿದೆಯೋ ಅಲ್ಲಿ ನಿಲ್ಲುತ್ತದೆ. ನಿಂತ ಮೇಲೆ ಅದರ ಕೆಳಗಿನ ಹೆಸರುಗಳನ್ನೆಲ್ಲ ಅಳಿಸಿಹಾಕುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಯಾರದೇ ಮನೆಯ ಮಕ್ಕಳ ಪಟ್ಟಿಯಾದರೂ ಪ್ರಿಂಟು ತೆಗೆಸಿ ತಂದು ಮೇಜಿನ ಮೇಲೆ ಹರಡಬೇಕು. ಮದುವೆ ಕಾಗದದಲ್ಲಿ ತಮ್ಮ ಹೆಸರು ಹುಡುಕುವವರಂತೆ ಎಲ್ಲರೂ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಲೆಕ್ಕದ ಕಲೈಸೆಲ್ವಿ ಮಿಸ್ ಅಂತೂ ಮೊದಲ ಮೂರು ಹೆಸರು ನೋಡಿಯೇ ಇಡೀ ಮನೆತನದ ಯೋಗ್ಯತೆ ತೀರ್ಮಾನಿಸಿಬಿಡುತ್ತಾರೆ. ಹೋದ ವರ್ಷ ಪಾಪ, ಆಫೀಸಿನ ಗುಮಾಸ್ತರು ಸರ್ಕಾರಿ ಕಾಲೇಜನ್ನೇ ಮೊದಲು ಹಾಕಿದ್ದಕ್ಕೆ, "ಎನ್ನ ಸಾರ್, ಇಷ್ಟ್ ಭಯಾನಾ ನಿಮ್ಗೆ?" ಎಂದುಬಿಟ್ಟಿದ್ದರು. ಗುಮಾಸ್ತರು ಒಂದು ವಾರ ಮಧ್ಯಾಹ್ನದ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ.

ಆ ಗುಮಾಸ್ತರ ಮುಖ ನನ್ನ ಕಣ್ಣ ಮುಂದಿತ್ತು. ಅದಕ್ಕೇ ನಾನೊಂದು ಉಪಾಯ ಮಾಡಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ ಎಂದರೂ ತಪ್ಪಿಲ್ಲ. ಪಟ್ಟಿಯ ಮೇಲಿನ ಎಂಟು ಜಾಗಕ್ಕೂ ದೊಡ್ಡ ದೊಡ್ಡ ಹೆಸರು ತುಂಬುವುದು. ಅವು ಯಾವ ಕಾರಣಕ್ಕೂ ನಮ್ಮ ರ‍್ಯಾಂಕಿಗೆ ಸಿಗುವುದಿಲ್ಲ. ಒಂಬತ್ತನೆಯದು ಸರ್ಕಾರಿ ಕಾಲೇಜು. ಕಂಪ್ಯೂಟರು ಎಂಟನ್ನೂ ದಾಟಿ ಬಂದು ಒಂಬತ್ತಕ್ಕೆ ನಿಲ್ಲುತ್ತದೆ, ಸ್ಟಾಫ್ ರೂಮು ಎಂಟನ್ನೇ ನೋಡಿ ತಲೆದೂಗುತ್ತದೆ. ಮರ್ಯಾದೆಯೂ ಬಂತು, ಬಿಟ್ಟಿಯಾಗಿಯೂ ಬಂತು! ಬಂಗಾರಪೇಟೆಯ ಸೈಬರ್ ಅಂಗಡಿಯಲ್ಲಿ ಕೂತು ನಾನು ಒಂದೊಂದೇ ಹೆಸರು ಹೇಳಿದೆ, ಪವಿತ್ರ ಟೈಪು ಮಾಡಿದಳು. ಮಧ್ಯೆ ಒಂದು ಸಲ ತಿರುಗಿ ನನ್ನ ಮುಖ ನೋಡಿದಳು.

ಕೆಲವು ದಿನಗಳಿಗೆ ಅಣಕು ಹಂಚಿಕೆ ಬಂತು. ನಿಜವಾದ ಹಂಚಿಕೆಗೆ ಮುಂಚೆ, ಸುಮಾರಾಗಿ ಹೀಗಾಗಬಹುದು ಎಂದು ತೋರಿಸುವ ರಿಹರ್ಸಲ್ಲು ಅದು. ನಾನು ಅಂದುಕೊಂಡಂತೆಯೇ ಒಂಬತ್ತನೆಯದು! ಪಟ್ಟಿಯನ್ನು ತಿದ್ದಿಕೊಳ್ಳಲು ಇನ್ನೂ ಅವಕಾಶವಿತ್ತು. ತಿದ್ದುವುದಕ್ಕೇನಿದೆ ಎಂದು ನಾನು ಹಾಯಾಗಿದ್ದೆ. ಸ್ಟಾಫ್ ರೂಮಿನಲ್ಲಿ ಮುಖ ಸಪ್ಪಗೆ ಮಾಡಿಕೊಂಡು, "ಏನ್ ಮಾಡೋದು ಮಿಸ್, ಕೂದಲೆಳೆಯಲ್ಲಿ ತಪ್ಪಿಹೋಯ್ತು. ಸಿಕ್ಕಿದ್ದಿದ್ದರೆ ಹೊಲ ಮಾರಿಯಾದರೂ ಓದಿಸ್ತಿದ್ದೆ" ಎಂದೆ. ಕಲೈಸೆಲ್ವಿ ಮಿಸ್ ಕಣ್ಣಲ್ಲಿ ನೀರು ಬಂತು. ನನಗೆ ಒಳಗೊಳಗೇ ಎಂಥ ನೆಮ್ಮದಿ! ಆ ವಾರ ನಾನು ಗೊತ್ತಿಲ್ಲದ ನಂಬರಿನ ಫೋನನ್ನೂ ಎತ್ತಿದೆ.

ನಿಜವಾದ ಹಂಚಿಕೆ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಪವಿತ್ರಳ ಫೋನು. "ಅಪ್ಪಾ, ಮೂರನೇದು ಬಂದೈತೆ." ನನಗೆ ಅರ್ಥವಾಗಲಿಲ್ಲ. "ಮೂರನೇದು ಅಂದ್ರೆ?" ಎಂದೆ. ಅವಳು ಹೆಸರು ಹೇಳಿದಳು. ಒರಗಿ ಕೂತವರು ನೆಟ್ಟಗೆ ಕೂರುವ ಹೆಸರು. ಮೇಲಿನ ರ‍್ಯಾಂಕಿನ ಮಕ್ಕಳು ಬೇರೆಬೇರೆ ಕಡೆ ಹಾರಿ, ಸೀಟು ಇಳಿದು ಬಂದು ನನ್ನ ತಲೆಯ ಮೇಲೆ ಕೂತಿತ್ತು. ಪಕ್ಕದಲ್ಲಿದ್ದ ಕಲೈಸೆಲ್ವಿ ಮಿಸ್‌ಗೆ ಎಲ್ಲವೂ ಕೇಳಿಸಿತ್ತು. "ಅಯ್ಯೋ ಸಾರ್! ಕಡವುಳೇ, ದೇವರು ಕಣ್ಬಿಟ್ಟ! ಹೊಲ ಮಾರೋದೇನೂ ಬೇಡ ಸಾರ್, ಹೇಗೋ ಆಗತ್ತೆ" ಎಂದು ಕೂಗಿ, ಆಯಾ ಕೈಲಿ ಜಿಲೇಬಿ ತರಿಸಿದರು. ಎಲ್ಲರೂ ಕೈ ಕುಲುಕಿದರು. ನಾನು ಜಿಲೇಬಿ ಹಿಡಿದುಕೊಂಡು, ಸಾವಿನ ಮನೆಯಲ್ಲಿ ನಿಂತವನಂತೆ ಎಲ್ಲರಿಗೂ ತಲೆಯಾಡಿಸಿದೆ.

ಸಂಜೆ ಬಸ್ಸಿನಲ್ಲಿ ಬೆವರೋ ಬೆವರು. ಕೆಳಗಿದ್ದ ಸರ್ಕಾರಿ ಕಾಲೇಜನ್ನು ಕಂಪ್ಯೂಟರು ಅಳಿಸಿಹಾಕಿಯಾಗಿತ್ತು. ಮೇಲೆ ಉಳಿದದ್ದು ಇನ್ನೂ ದುಬಾರಿಯಾದ ಎರಡು. ಈ ಸೀಟು ಒಪ್ಪಿದರೆ ಫೀಸು ಕಟ್ಟಬೇಕು, ಬಿಟ್ಟರೆ ಮಗಳ ಕೈಯಲ್ಲಿ ಏನೂ ಇಲ್ಲ. ನಾಳೆಯೊಳಗೆ ಹೇಳಬೇಕು. ನಾನು ಜಂಬಕ್ಕೆ ಬರೆಸಿದ ಒಂದು ಸಾಲು ಆ ಹುಡುಗಿಯ ಬದುಕಿನ ಮೇಲೆ ಬಿದ್ದಿದೆಯಲ್ಲಾ ಎಂದು ನಿಜವಾಗಿ ಅಳು ಬಂತು. ಕಂಡಕ್ಟರು ಟಿಕೆಟ್ ಕೇಳಿದರೆ "ತಪ್ಪಾಯ್ತು" ಎಂದುಬಿಟ್ಟೆ.

ಮನೆಗೆ ಬಂದರೆ ಮುನಿರತ್ನಮ್ಮ ಕೊಟ್ಟಿಗೆಯಿಂದಲೇ, "ಏನಂದ್ರೆ, ಅದ್ಯಾಕಂಗ್ ಬೆವ್ತೋಗಿದೀರಾ? ಸೀಟ್ ಸಿಕ್ಕಿರೋದು ಅವ್ಳಿಗೆ" ಎಂದಳು. "ಫೀಸು..." ಎಂದೆ. "ಓದೋ ಮಕ್ಳಿಗೆ ಬ್ಯಾಂಕ್ನಾಗ್ ಕೊಡ್ತಾರಂತೆ. ಓಗಿ ಕೇಳಾನ. ಇನ್ನೊಂದ್ ಅಸ ಕಟ್ತೀನಿ." ಬ್ಯಾಂಕು ಎಂದ ಕೂಡಲೇ ನನಗೆ ಆ ಕವರುಗಳು ಕಣ್ಣ ಮುಂದೆ ಬಂದವು. ಜಗುಲಿಯ ಮೇಲೆ ಕೂತು ಪವಿತ್ರಳನ್ನು ಕರೆದು ಎಲ್ಲ ಒಪ್ಪಿಕೊಂಡೆ. "ಲೇ ಪವಿ, ಆ ಎಂಟು ಹೆಸರು ನಿನಗೋಸ್ಕರ ಬರೆಸಿದ್ದಲ್ಲಮ್ಮ. ಸ್ಟಾಫ್ ರೂಮಿನವರು ನೋಡಲಿ ಅಂತ ಬರೆಸಿದ್ದು. ಸಿಗಲ್ಲ ಅನ್ನೋ ಧೈರ್ಯದ ಮೇಲೆ ಬರೆಸಿದ್ದು."

"ನಂಗೊತ್ತಪ್ಪ" ಎಂದಳು. "ನಿನ್ ಮುಕ ನೋಡಿದ್ರೇ ಗೊತ್ತಾಗ್ತಿತ್ತು. ತಿದ್ದಾಕೆ ಟೈಮ್ ಕೊಟ್ಟಿದ್ರಲ್ಲ, ಕಡೇ ದಿನ ನಾನೇ ಎಂಟೂ ತೆಗ್ದುಬಿಡಾನ ಅಂತ ಕೂತ್ಕೊಂಡಿದ್ದೆ. ಇಲ್ದಿದ್ರೆ ನೀನ್ ಎದ್ರಿಕೊಂಡ್ ಸಾಯ್ತೀಯಾ ಅಂತ."

"ಮತ್ತೆ ಯಾಕೆ ತೆಗೀಲಿಲ್ಲ?"

ಅವಳು ಚಾಪೆಯ ಒಂದು ಎಳೆ ಕಿತ್ತಳು. "ಭಯ ಆಯ್ತಪ್ಪ. ನಂಗೂ ಆ ಕಾಲೇಜ್ ಮೇಲೆ ಬೋ ಆಸೆ ಇತ್ತು. ನಾನಾಗಿ ಕೇಳ್ತಿರ್ಲಿಲ್ಲ. ನೀನು ಸುಳ್ಳಿಗಾದ್ರೂ ಬರ್ಸಿದ್ದೀಯಾ. ತೆಗ್ದುಬಿಟ್ರೆ ಇನ್ನೊಂದ್ಸಲ ಯಾರ್ ಬರೀತಾರೆ?"

ಅವಳ ಹೊಟ್ಟೆಯಲ್ಲೂ ನನ್ನದೇ ಭಯ ಕೂತಿದ್ದು ನನಗೆ ತಿಳಿದೇ ಇರಲಿಲ್ಲ. ಸಾಕಿದ್ದು ನಾನು, ಅಂಟಿಸಿದ್ದೂ ನಾನೇ. "ಒಪ್ಪಿದೀನಿ ಅಂತ ಒತ್ತಮ್ಮ" ಎಂದೆ. ಅವಳು ಒತ್ತಿದಳು. ನನ್ನ ಫೋನಿಗೆ ಓಟಿಪಿ ಬಂತು. ಅದನ್ನು ನಾನು ಓದಿ ಹೇಳಬೇಕು. ಮೊದಲ ಸಲ ಅಂಕಿ ಹಿಂದುಮುಂದಾಯಿತು. ಎರಡನೇ ಸಲ ಐದೇ ಅಂಕಿ ಓದಿದೆ. "ಕೊಡಿ ಇತ್ಲಾಗೆ" ಎಂದು ಮುನಿರತ್ನಮ್ಮ ಫೋನು ಕಿತ್ತುಕೊಂಡು, ಡೇರಿಯಲ್ಲಿ ಲೀಟರು ಕೂಗುವ ಗಂಟಲಿನಲ್ಲಿ ಆರೂ ಅಂಕಿಗಳನ್ನು ಓದಿದಳು. ಸೀಟು ಪವಿತ್ರಳದಾಯಿತು. ಪವಿತ್ರ ತಾಯಿಯನ್ನು ತಬ್ಬಿಕೊಂಡಳು, ನಾನು ನೀರು ಕುಡಿದೆ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತುಗಟ್ಟಿದರು. "ನಮ್ ಸಂಬಳಕ್ಕೆ ಇಷ್ಟ್ ದೊಡ್ಡ ಕಾಲೇಜ್ ಒಪ್ಕೊಂಡ್ರಲ್ಲ ಸಾರ್, ಭಯಾನೇ ಆಗ್ಲಿಲ್ವಾ?" ಎಂದರು ಕಲೈಸೆಲ್ವಿ ಮಿಸ್. "ಮಕ್ಕಳ ವಿಷಯದಲ್ಲಿ ಧೈರ್ಯ ಮಾಡ್ಬೇಕು ಮಿಸ್, ಅಷ್ಟೇ" ಎಂದೆ. ಮೂಲೆಯಲ್ಲಿದ್ದ ಗುಮಾಸ್ತರೂ ಚಪ್ಪಾಳೆ ತಟ್ಟಿದರು. ಆಮೇಲೆ ಎರಡು ತಿಂಗಳ ಸಂಬಳ ಮುಂಗಡ ಕೇಳೋಣವೆಂದು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲವರೆಗೆ ಮೂರು ಸಲ ಹೋದೆ. ಮೂರನೇ ಸಲ ಅವರೇ ತಲೆಯೆತ್ತಿ "ಏನ್ರೀ?" ಎಂದರು. ಸೀಮೆಸುಣ್ಣ ಖಾಲಿಯಾಗಿದೆ ಸಾರ್ ಎಂದು ಹೇಳಿ, ಒಂದು ಡಬ್ಬಿ ಸೀಮೆಸುಣ್ಣ ತೆಗೆದುಕೊಂಡು ಬಂದೆ.