ಪರದೆಯ ಹಿಂದೆ ಯಾರೂ ಇರಲಿಲ್ಲ

ಒಂದು ಕಾಲಕ್ಕೆ ನಾನು ನಮ್ಮ ಗೋದಾಮಿನ ಅತ್ಯುತ್ತಮ ಫೋರ್ಕ್‌ಲಿಫ್ಟ್ ಚಾಲಕನಾಗಿದ್ದೆ. ಫೋರ್ಕ್‌ಲಿಫ್ಟ್ ಅಂದರೆ ಮುಂದೆ ಎರಡು ಕಬ್ಬಿಣದ ತೋಳು ಚಾಚಿಕೊಂಡು ಪೆಟ್ಟಿಗೆಗಳನ್ನು ಎತ್ತಿ ಒಯ್ಯುವ ಗಾಡಿ. ಅದನ್ನು ನಾನು ಒಮ್ಮೆಯೂ ಓಡಿಸಿರಲಿಲ್ಲ ಎಂಬುದು ಬೇರೆ ಮಾತು. ಮಾಡಿದ ಕೆಲಸಕ್ಕೆ ಸಿಗುವ ಹೊಗಳಿಕೆಯಲ್ಲಿ ಎಷ್ಟಾದರೂ ಬೆವರಿನ ವಾಸನೆ ಇರುತ್ತದೆ. ಮಾಡದ ಕೆಲಸಕ್ಕೆ ಸಿಗುವ ಹೊಗಳಿಕೆ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಗರಿಗರಿಯಾಗಿರುತ್ತದೆ. ಈ ಸಂಗತಿಯನ್ನು ನಾನು ಬಹಳ ಕಡೆ ಹೇಳಿದ್ದೇನೆ, ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ಓದುವವರು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು. ಆ ದಿನ ಜೋರು ಮಳೆ ಎಂದು ಶುರು ಮಾಡುವುದು ನನ್ನ ರೂಢಿ. ಮಳೆ ಇತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಬಿಟ್ಟುಬಿಡೋಣ.

ಪುಣೆಯಿಂದ ಶಿರೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಗೋದಾಮು. ಅಲ್ಲಿ ನಾನು ಗುಮಾಸ್ತ. ಪೆಟ್ಟಿಗೆಗಳ ಮೇಲಿನ ನಂಬರು ಬರೆದುಕೊಳ್ಳುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ದಾಟಿದ ಮೇಲೆ ಯಾವುದೋ ಒಂದು ವರ್ಷ, ಚಾಲಕರ ತರಬೇತಿಗೆಂದು ಒಂದು ಯಂತ್ರ ಬಂತು. ಒಂದು ಕುರ್ಚಿ, ಅದಕ್ಕೊಂದು ಸ್ಟೇರಿಂಗು, ಕಾಲಿಗೆ ಪೆಡಲು, ಎದುರಿಗೆ ಗೋಡೆಯಷ್ಟು ಅಗಲದ ಪರದೆ. ಪರದೆಯೊಳಗೆ ನಮ್ಮದಕ್ಕಿಂತ ಸ್ವಚ್ಛವಾದ ಒಂದು ಗೋದಾಮು. ಪೆಟ್ಟಿಗೆಯನ್ನು ಸರಿಯಾಗಿ ಇಟ್ಟರೆ ಒಂದು ನಕ್ಷತ್ರ, ಬೇಗ ಇಟ್ಟರೆ ಇನ್ನೊಂದು, ಗುದ್ದಿದರೆ ಬೆಕ್ಕಿನ ಬಾಲ ತುಳಿದಂಥ ಸದ್ದು. ಅಂಕಪಟ್ಟಿ ಕ್ಯಾಂಟೀನಿನ ಬಾಗಿಲ ಮೇಲೆ. ಯಂತ್ರದ ಜೊತೆಗೆ ಬೆಂಗಳೂರಿನಿಂದ ಶ್ರುತಿ ಎಂಬ ತರಬೇತುದಾರರೂ ಬಂದಿದ್ದರು. ‘ಟೆನ್ಷನ್ ತಗೋಬೇಡಿ ಸಾರ್, ಇದು ಜಸ್ಟ್ ಗೇಮ್ ಅಷ್ಟೇ,’ ಎಂದು ಬಂದವರಿಗೆಲ್ಲ ನಗುನಗುತ್ತಾ ಹೇಳುತ್ತಿದ್ದರು. ಅವರ ಪಕ್ಕದಲ್ಲೇ ನಿಂತು ನಮ್ಮ ಮ್ಯಾನೇಜರು, ಮೂರು ಸಲದಲ್ಲಿ ಆರುನೂರು ಅಂಕ ಬಾರದವರು ಗಾಡಿಯಿಂದ ಇಳಿದು ಹಮಾಲರ ಸಾಲಿಗೆ ಸೇರಬೇಕು ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಅವರು ನಗುತ್ತಿರಲಿಲ್ಲ.

ಹೆದರಿದವರು ಶರಣಪ್ಪ. ಯಾದಗಿರಿ ಕಡೆಯವರು, ನನಗಿಂತ ಹಿರಿಯರು. ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತೂ ಹೊತ್ತೂ ಬೆನ್ನು ಹೋಗಿತ್ತು. ಬೆನ್ನು ಹೋದ ಮೇಲೆ ಟೆಂಪೋ ಕಲಿತರು, ಆಮೇಲೆ ನಮ್ಮಲ್ಲಿಗೆ ಬಂದು ಹನ್ನೊಂದು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದ್ದರು. ಒಂದು ಪೆಟ್ಟಿಗೆಯ ಮೂಲೆಯನ್ನೂ ಮುರಿದವರಲ್ಲ. ಈಗ ಇಳಿಸಿದರೆ ಮತ್ತೆ ಮೂಟೆ. ಆ ಬೆನ್ನಿಗೆ ಇನ್ನೊಂದು ಮೂಟೆ ತಾಳುವ ಶಕ್ತಿ ಇರಲಿಲ್ಲ. ಅವರದೊಂದು ಪದ್ಧತಿ ಇತ್ತು. ಪೆಟ್ಟಿಗೆಗಳ ಸಾಲು ಮುಗಿದು ತಿರುವು ಬಂತೆಂದರೆ ಹಾರ್ನ್ ಹೊಡೆದು, ಗಾಡಿ ನಿಲ್ಲಿಸಿ, ಕೆಳಗಿಳಿದು, ಎರಡು ಹೆಜ್ಜೆ ನಡೆದು ಆಚೆ ಬಗ್ಗಿ ನೋಡಿ, ಮತ್ತೆ ಹತ್ತಿ ಹೊರಡುವುದು. ದಿನಕ್ಕೆ ಎಷ್ಟು ತಿರುವೋ ಅಷ್ಟು ಸಲ.

ಶ್ರುತಿಯವರ ಬೆಂಗಳೂರು ಕನ್ನಡ ಶರಣಪ್ಪನವರಿಗೆ ತಿಳಿಯುತ್ತಿರಲಿಲ್ಲ, ಇವರದು ಅವರಿಗೆ ತಿಳಿಯುತ್ತಿರಲಿಲ್ಲ. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಲು ನನ್ನನ್ನು ಕೂರಿಸಿದರು. ಬಿಡುವಿನಲ್ಲಿ ನಾನೂ ಕುರ್ಚಿ ಹತ್ತಿ ನೋಡಿದೆ. ಒಂಬೈನೂರ ನಲವತ್ತು! ಕ್ಯಾಂಟೀನಿನ ಬಾಗಿಲ ಮೇಲೆ ಎಲ್ಲ ಚಾಲಕರ ತಲೆಯ ಮೇಲೆ ದೇಸಾಯಿ ಎಂದು ನನ್ನ ಹೆಸರು, ಪಕ್ಕದಲ್ಲಿ ಬಂಗಾರದ ಬಣ್ಣದ ನಕ್ಷತ್ರ. ಮನೆಗೆ ಫೋನ್ ಮಾಡಿದೆ. ‘ನಿಮಗ ಸೈಕಲ್ ಹೊಡಿಲಿಕ್ಕ ಬರಂಗಿಲ್ಲ,’ ಎಂದಳು ಹೆಂಡತಿ, ‘ಹಿಂದ ಕೂತ್ರೂ ಬೀಳ್ತೀರಿ. ಯಾವ ದೇಸಾಯರ ಹೆಸರು ನೋಡಿ ಬಂದ್ರಿ?’

ಶರಣಪ್ಪನವರ ಮೊದಲ ಸಲ ಇನ್ನೂರ ಹತ್ತಕ್ಕೆ ಮುಗಿಯಿತು. ತಿರುವಿಗೊಮ್ಮೆ ನಿಂತು ಹೊತ್ತು ಕಳೆದಿದ್ದರು. ಎರಡನೆಯ ಸಲ ತಿರುವು ಬಂದಾಗ ಅವರು ಹಾರ್ನ್ ಹೊಡೆದು, ಕುರ್ಚಿಯಿಂದ ಇಳಿದು, ಪರದೆಯ ಹಿಂದೆ ಹೋಗಿ ಬಗ್ಗಿ ನೋಡಿ ಬಂದರು. ಚಾಲಕ ಆಸನ ಬಿಟ್ಟನೆಂದು ಯಂತ್ರ ಸೊನ್ನೆ ಕೊಟ್ಟಿತು. ನಿಜಕ್ಕೂ ಪರದೆಯ ಹಿಂದಿನವರೆಗೆ ಹೋದರೇ? ಬಹುಶಃ ಎರಡು ಹೆಜ್ಜೆ ಇಟ್ಟು, ಗಲಿಬಿಲಿಯಾಗಿ ನಿಂತಿರಬೇಕು. ಆದರೆ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ನಾನು ಹೇಳುವಾಗ ಅವರು ಹಿಂದಿನವರೆಗೂ ಹೋದರು. ಹೋಗದಿದ್ದರೆ ಕತೆ ನಗಿಸುತ್ತಿರಲಿಲ್ಲ. ಅಷ್ಟು ಸಲ ಹೇಳಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೂ ಅವರು ಅಲ್ಲೇ ಕಾಣುತ್ತಾರೆ. ಸಂಜೆಯೊಳಗೆ ಕತೆಗೆ ಕೈಕಾಲು ಬಂತು. ‘ಕಾಕಾ, ಪರದೆ ಹಿಂದ ಯಾರ್ ಸಿಕ್ರು? ನಮಗೂ ಒಂದೀಟು ಗುರ್ತು ಮಾಡಿಸ್ರಿ!’ ಎಂದು ಹಮಾಲರು ಕೂಗಿದರು. ಮರುದಿನದಿಂದ ಶರಣಪ್ಪ ಕ್ಯಾಂಟೀನಿಗೆ ಬರಲಿಲ್ಲ. ಗಾಡಿಯ ಪಕ್ಕದಲ್ಲೇ ಕೂತು ರೊಟ್ಟಿ ಬಿಚ್ಚುತ್ತಿದ್ದರು.

ಉಳಿದದ್ದು ಒಂದೇ ಸಲ. ಅದರ ಹಿಂದಿನ ದಿನ ಅವರ ಹತ್ತಿರ ಹೋಗಿ ಕೂತೆ. ‘ಇಳಿಯೂದ್ಯಾಕ ಶರಣಪ್ಪಣ್ಣ? ಹಾರ್ನ್ ಹೊಡದ್ರ ಸಾಕಲ್ಲ?’

‘ಯಾರ್ಡಿನ್ಯಾಗ ಟೆಂಪೋ ಹಿಂದಕ್ಕ ತಗೊಳ್ಳಾಕತ್ತಿದ್ದೆ ರೀ. ಬೀಡಿ ಬಿತ್ತಂತ ಕೆಳಗಿಳಿದೆ. ನೋಡಿದ್ರ, ಗಾಲಿ ಬುಡಕ ಒಬ್ಬಾಕಿ ಮುದುಕಿ ಕುಂತು ಉಳ್ಳಾಗಡ್ಡಿ ಆರ್ಸಾಕತ್ತಾಳ. ಹಾರ್ನ್ ಹೊಡದಿದ್ದೆ. ಆಕಿಗಿ ಕಿವಿ ಇಲ್ಲ. ಬೀಡಿ ಬೀಳದಿದ್ರ? ಅವತ್ತಿಂದ ಬೀಡಿ ಬಿಟ್ಟೀನಿ ರೀ, ಇಳಿಯೂದು ಬಿಟ್ಟಿಲ್ಲ.’

‘ಇದರಾಗ ಮುದುಕಿ ಇಲ್ಲ, ಮಂದಿ ಇಲ್ಲ. ಬರೇ ಚಿತ್ರ. ತಿರುವಿನ್ಯಾಗ ಯಾರೂ ಇರಂಗಿಲ್ಲ. ಹೊಂಟ್‌ಬಿಡ್ರಿ.’

‘ಖರೇನ ಯಾರೂ ಇರಂಗಿಲ್ಲ?’

‘ಖರೇನ.’ ಒಂಬೈನೂರ ನಲವತ್ತು ಅಂಕದವನ ಗತ್ತಿನಲ್ಲಿ ಹೇಳಿದೆ.

ಮೂರನೆಯ ಸಲ ಮ್ಯಾನೇಜರು ಕೈಕಟ್ಟಿ ಹಿಂದೆಯೇ ನಿಂತಿದ್ದರು. ಪ್ರತಿ ತಿರುವಿನಲ್ಲೂ ಶರಣಪ್ಪನವರ ಎಡಗಾಲು ತಾನಾಗಿಯೇ ಕುರ್ಚಿಯಿಂದ ಕೆಳಗೆ ಚಾಚುತ್ತಿತ್ತು. ಪ್ರತಿ ಸಲವೂ ನಾನು ಅವರ ಮೊಣಕಾಲು ಒತ್ತಿ ಹಿಡಿದು, ‘ಯಾರೂ ಇಲ್ರಿ, ಹೋಗ್ರಿ, ಹೋಗ್ರಿ,’ ಎಂದೆ. ಅವರ ಕುತ್ತಿಗೆಯಿಂದ ಬೆವರು ಇಳಿದು ಕಾಲರು ಒದ್ದೆಯಾಗಿತ್ತು. ಕೊನೆಯ ಹೊತ್ತಿಗೆ ಕಾಲು ಸುಮ್ಮನಾಯಿತು. ಆರುನೂರ ನಲವತ್ತು. ಶ್ರುತಿ ಚಪ್ಪಾಳೆ ಹೊಡೆದರು. ಮ್ಯಾನೇಜರು ‘ಛಾನ್, ಛಾನ್’ ಎಂದು ಮರಾಠಿಯಲ್ಲೇ ಮೆಚ್ಚಿದರು. ಹನ್ನೊಂದು ವರ್ಷದ ರೂಢಿಯನ್ನು ಹನ್ನೊಂದು ನಿಮಿಷದಲ್ಲಿ ಬಿಡಿಸಿದ ಹೆಮ್ಮೆಯಿಂದ ನಾನು ಬೀಗಿದೆ. ಶರಣಪ್ಪ ಮಾತ್ರ ತಮ್ಮ ಎಡಗಾಲನ್ನು ಯಾರದೋ ಕಾಲೆಂಬಂತೆ ನೋಡುತ್ತಿದ್ದರು.

ಅದೇ ಮಧ್ಯಾಹ್ನ (ಮರುದಿನವೂ ಇರಬಹುದು, ಅದೇ ಮಧ್ಯಾಹ್ನವಾದರೆ ಹೇಳಲು ಚೆನ್ನ) ನಾನು ಮೂರನೆಯ ಸಾಲಿನ ತಿರುವಿನಾಚೆ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಪೆಟ್ಟಿಗೆಗಳ ನಂಬರು ಬರೆದುಕೊಳ್ಳುತ್ತಿದ್ದೆ. ಹಾರ್ನ್ ಕೇಳಿಸಿತು. ನಾನು ತಲೆ ಎತ್ತಲಿಲ್ಲ. ಯಾಕೆ ಎತ್ತಬೇಕು? ಹಾರ್ನ್ ಆದ ಮೇಲೆ ಗಾಡಿ ನಿಲ್ಲುತ್ತದೆ, ಚಪ್ಪಲಿಯ ಎರಡು ಸದ್ದು, ಆಮೇಲೆ ‘ಇಲ್ಲೇ ಅದೀರೇನ್ರಿ, ಸರೀರಿ’ ಎಂಬ ಮಾತು. ಇಷ್ಟು ವರ್ಷ ನಾನು ಆ ಮೂರನ್ನು ಕೇಳಿಸಿಕೊಂಡೇ ಎದ್ದವನು. ಈ ಸಲ ಹಾರ್ನ್ ಆದ ಮೇಲೆ ಗಾಡಿ ನಿಲ್ಲಲಿಲ್ಲ.

ಕಬ್ಬಿಣದ ತೋಳುಗಳು ನನ್ನ ಕಿವಿಯ ಎತ್ತರದಲ್ಲಿ ತಿರುವು ದಾಟಿ ಬಂದವು. ಬ್ರೇಕು ಕಿರುಚಿತು. ನಾನು ನೆಲದ ಮೇಲೆ ಬಿದ್ದಿದ್ದೆ. ಪೆನ್ನು ಕೈಯಲ್ಲಿತ್ತು, ಕನ್ನಡಕ ಎಲ್ಲಿತ್ತೋ. ತೋಳಿಗೂ ನನ್ನ ಹಣೆಗೂ ನಡುವೆ ಒಂದು ಗೇಣು. ಬೆಕ್ಕಿನ ಸದ್ದು ಬರಲಿಲ್ಲ, ಅಂಕ ಕಡಿತವಾಗಲಿಲ್ಲ. ಶರಣಪ್ಪ ಇಳಿದು ಬಂದರು.

‘ಯಾರೂ ಇರಂಗಿಲ್ಲ ಅಂದಿದ್ರೆಲ್ಲರೀ, ದೇಸಾಯರ,’ ಎಂದರು.

ಮ್ಯಾನೇಜರಿಗೆ ನಾವಿಬ್ಬರೂ ಹೇಳಲಿಲ್ಲ. ಶರಣಪ್ಪನವರ ಗಾಡಿ ಉಳಿಯಿತು. ಮರುದಿನದಿಂದ ಅವರು ಮೊದಲಿನಂತೆ ಪ್ರತಿ ತಿರುವಿಗೂ ಇಳಿದರು. ಕ್ಯಾಂಟೀನಿಗೆ ಮಾತ್ರ ಮತ್ತೆ ಬರಲಿಲ್ಲ. ಶ್ರುತಿ ಊರಿಗೆ ಹೊರಡುವ ಮುಂಚೆ ಒಂದು ಫಾರ್ಮು ತುಂಬಿಸಿಕೊಂಡರು. ಕೊನೆಯ ಸಾಲು: ತರಬೇತಿಯಿಂದ ಆದ ಇತರ ನಷ್ಟ. ಬಂಗಾರದ ನಕ್ಷತ್ರದವನು ನಾನೇ ಆದ್ದರಿಂದ ನನಗೇ ಕೊಟ್ಟರು. ‘ಏನೂ ಇಲ್ಲ’ ಎಂದು ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ.

ಅವತ್ತಿನಿಂದ ಯಾವ ತಿರುವು ಬಂದರೂ ನಾನು ಮೊದಲು ಕೆಮ್ಮುತ್ತೇನೆ. ಗೋದಾಮಿನಲ್ಲಷ್ಟೇ ಅಲ್ಲ, ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ ತಿರುಗುವಾಗಲೂ. ಎದೆಯಲ್ಲಿ ಏನೋ ಆಗಿದೆ ಎಂದು ಹೆಂಡತಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಔಷಧಿ ಬರೆದುಕೊಟ್ಟರು. ದಿನಕ್ಕೆ ಮೂರು ಚಮಚ, ಸುಮ್ಮನೆ ಕುಡಿಯುತ್ತಿದ್ದೇನೆ.